ಎಲ್ಲಕ್ಕಿಂತ ಕೆಟ್ಟ ಕೊಠಡಿ

ನನಗೆ ಕೋಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಒಂದು ದಿನ ಕಾಲೇಜಿನ ಕಾರಿಡಾರಿನಲ್ಲಿ ನಿಂತು, ನನ್ನ ಅಪ್ಪನ ವಯಸ್ಸಿನ ಅಟೆಂಡರ್ ಮೇಲೆ ನಾನು ಕೂಗಾಡಿದ್ದೇನೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವರು ಮಾಡಿದ್ದ ತಪ್ಪು ಇಷ್ಟೇ: ಇಡೀ ಕಾಲೇಜಿನಲ್ಲಿ ಎಲ್ಲಕ್ಕಿಂತ ಕೆಟ್ಟ ಕೊಠಡಿ ಯಾವುದು ಎಂದು ಕೇಳಿದ್ದಕ್ಕೆ, ನಾನು ಇತಿಹಾಸ ಪಾಠ ಮಾಡುವ ಕೊಠಡಿಯನ್ನು ತೋರಿಸಿದ್ದರು.

ಹೊರಗಿನವರಿಗೆ ಇದು ಅರ್ಥವಾಗಬೇಕಾದರೆ ನಮ್ಮ ಕಾಲೇಜಿನ ಒಂದು ಪದ್ಧತಿಯನ್ನು ಹೇಳಬೇಕು. ತುಮಕೂರಿನ ಹಳೆಯ ಕಾಲೇಜುಗಳಲ್ಲಿ ನಮ್ಮದೂ ಒಂದು. ಮಹಾರಾಜರ ಕಾಲದ ಕಲ್ಲುಗೋಡೆ, ಹಂಚಿನ ಮಾಡು, ಇಬ್ಬರು ಕೈ ಹಿಡಿದರೂ ತಬ್ಬಲಾಗದ ಕಂಬಗಳು. ಗುಬ್ಬಿ ಕಡೆಯ ತೆಂಗಿನ ತೋಟದವರು, ಕುಣಿಗಲ್ಲಿನ ಒಂದೆರಡು ಮನೆತನದವರು, ತುಮಕೂರು ಪೇಟೆಯ ಸಾಬರ ಅಂಗಡಿಯವರು ಸೇರಿ ಕಟ್ಟಿದ ಟ್ರಸ್ಟು ಅದನ್ನು ನಡೆಸುತ್ತಿತ್ತು. ಮೊದಲ ಸಭೆಯಲ್ಲೇ ಆ ಹಿರಿಯರು ಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ನಿಯಮ ಬರೆದಿಟ್ಟಿದ್ದರು. ಟ್ರಸ್ಟಿಗಳಿಗೆ ಕಾಲೇಜಿನಲ್ಲಿ ಸ್ವಂತ ಕೊಠಡಿ ಇರತಕ್ಕದ್ದಲ್ಲ. ಪ್ರತಿ ಸಭೆಯನ್ನೂ ಕಾಲೇಜಿನ ಅತ್ಯಂತ ಹೀನ ಸ್ಥಿತಿಯ ಕೊಠಡಿಯಲ್ಲೇ ಸೇರತಕ್ಕದ್ದು. ಆ ಕೊಠಡಿ ಯಾವುದೆಂದು ಪ್ರಿನ್ಸಿಪಾಲರಾಗಲಿ ಮೇಷ್ಟ್ರಾಗಲಿ ಹೇಳತಕ್ಕದ್ದಲ್ಲ, ಕಸ ಗುಡಿಸುವ ಹಿರಿಯ ಅಟೆಂಡರ್ ಹೇಳತಕ್ಕದ್ದು. ಮುಂದಿನ ಸಭೆಯ ಹೊತ್ತಿಗೆ ಅದು ರಿಪೇರಿಯಾಗಿರತಕ್ಕದ್ದು. ಸಭೆಗೆ ಮೊದಲು ಟ್ರಸ್ಟಿಗಳು ಹಿಂದಿನ ಸಲ ಕೂತಿದ್ದ ಕೊಠಡಿಗೆ ಹೋಗಿ ಕಣ್ಣಾರೆ ನೋಡಿಕೊಂಡು ಬರತಕ್ಕದ್ದು. ಇಷ್ಟೇ.

ಬರೆದಿಟ್ಟವರು ಯಾವತ್ತೋ ಹೋದರು. ಆದರೆ ಆ ಪುಸ್ತಕ ಇತ್ತು, ನಿಯಮವೂ ಇತ್ತು. ಹಳೆಯ ನಡಾವಳಿ ಪುಸ್ತಕಗಳನ್ನು ಒಂದು ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದರು. ಆ ಟ್ರಂಕನ್ನು ಮಾಡಿಕೊಟ್ಟವರು ನಮ್ಮ ಅಬ್ಬಾ. ಪೇಟೆಯ ಒಂದು ಗಲ್ಲಿಯಲ್ಲಿ ಅವರದು ಟ್ರಂಕಿನ ಅಂಗಡಿ. ದಿನವಿಡೀ ಸುತ್ತಿಗೆ ಸದ್ದು. ನನ್ನ ಗಂಟಲು ಇಷ್ಟು ಜೋರಾಗಿರುವುದಕ್ಕೆ ಆ ಸದ್ದೇ ಕಾರಣ ಎಂದು ನಮ್ಮ ಅಮ್ಮಿ ಹೇಳುತ್ತಿದ್ದಳು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅದೇ ಕಾಲೇಜಿಗೆ ಬಿ.ಎ. ಸೇರಿದೆ. ಮೊದಲ ಮಳೆಗಾಲ. ನಮ್ಮ ತರಗತಿಯಲ್ಲಿ ಮೂರು ಕಡೆ ಸೋರುತ್ತಿತ್ತು, ಮೂರು ಬಕೆಟ್ ಇಟ್ಟಿದ್ದರು. ಒಂದು ಬೆಳಿಗ್ಗೆ ಅಟೆಂಡರ್ ಬಂದು, "ಎಲ್ರೂ ಆಚೆಗೆ ಹೋಗ್ರಪ್ಪ, ಇವತ್ತು ಇಲ್ಲಿ ದೊಡ್ಡೋರು ಕೂತ್ಕೋತವ್ರೆ" ಅಂದರು. ನಾವು ಆಚೆ ಹೋಗದೆ ಕಿಟಕಿಗೆ ಜೋತುಬಿದ್ದೆವು.

ಏಳು ಜನ ಬಂದರು. ಮುಂದೆ ಅಧ್ಯಕ್ಷರು: ಹಾಗಲವಾಡಿ ಕಡೆಯ ತೋಟದವರು, ಎತ್ತರದ ಆಳು, ಬಿಳಿ ಪಂಚೆಯನ್ನು ಕೆಸರಿಗೆ ತಾಗದಂತೆ ಮೊಣಕಾಲವರೆಗೆ ಎತ್ತಿ ಹಿಡಿದಿದ್ದರು. ಅವರ ಹಿಂದೆ ಕಾರ್ಯದರ್ಶಿ: ಕುಣಿಗಲ್ಲಿನ ನಿವೃತ್ತ ಹೆಡ್‌ಮಿಸ್ಟ್ರೆಸ್, ಟ್ರಸ್ಟಿನಲ್ಲಿದ್ದ ಒಬ್ಬರೇ ಹೆಂಗಸು. ಅವರ ಹಿಂದೆ ನಮ್ಮ ಮೊಹಲ್ಲಾದ ಕಬ್ಬಿಣದ ಅಂಗಡಿಯ ಸಾಹುಕಾರರು, ನಾವೆಲ್ಲ ಚಾಚಾ ಅನ್ನುತ್ತಿದ್ದವರು. ಇನ್ನುಳಿದ ನಾಲ್ವರು ಸುಮ್ಮನೆ ಕೂತು ತಲೆಯಾಡಿಸುವವರು. ಎಲ್ಲರೂ ನಮ್ಮ ಬೆಂಚುಗಳಲ್ಲೇ ಕಾಲು ತೂರಿಸಿ ಕೂತರು. ಅಧ್ಯಕ್ಷರ ಮೊಣಕಾಲು ಡೆಸ್ಕಿಗೆ ಬಡಿದು "ಅಯ್ಯಪ್ಪಾ" ಅಂದದ್ದು ನಮಗೂ ಕೇಳಿಸಿತು. ನಡಾವಳಿ ಪುಸ್ತಕದ ಮೇಲೆ ನೀರು ತೊಟ್ಟಿಕ್ಕಿದ್ದೇ ಕಾರ್ಯದರ್ಶಿ ಅಮ್ಮ ಕೊಡೆ ಬಿಚ್ಚಿ ಅದರ ಮೇಲೆ ಹಿಡಿದರು. ತಾವು ಮಾತ್ರ ನೆನೆಯುತ್ತಾ ಬರೆದರು. ನಾವು ಕಿಟಕಿಯಲ್ಲಿ ಬಿದ್ದು ಬಿದ್ದು ನಕ್ಕೆವು.

ಹದಿನೈದು ದಿನದಲ್ಲಿ ಚಾಚಾ ತಾವೇ ಬಂದು ನಿಂತು, ಆಳುಗಳನ್ನು ಬೈದೂ ಬೈದೂ, ಮಾಡಿನ ತೊಲೆ ಬದಲಾಯಿಸಿ ಹೊಸ ಹಂಚು ಹಾಕಿಸಿದರು. ಬಕೆಟ್‌ಗಳು ಮಾಯವಾದವು. ಆಗ ನನ್ನ ನಗು ನಿಂತುಹೋಯಿತು. ಇವರು ಸುಮ್ಮನೆ ಶಾಸ್ತ್ರಕ್ಕೆ ಕೂರುವವರಲ್ಲ ಎಂದು ಮನಸ್ಸಿಗೆ ಬಂತು.

ಈ ಪದ್ಧತಿಯಿಂದ ತಮಾಷೆಗಳೂ ಆಗುತ್ತಿದ್ದವು. ಯಾವ ಕೊಠಡಿಯಲ್ಲಿ ಸಭೆಯೋ ಆ ಕೊಠಡಿಗೆ ಅದೃಷ್ಟ ಎಂದು ಮೇಷ್ಟ್ರುಗಳಿಗೆ ಗೊತ್ತಿತ್ತಲ್ಲ. ಸಭೆ ಹತ್ತಿರ ಬಂದಹಾಗೆಲ್ಲ ಒಬ್ಬೊಬ್ಬರ ಕೊಠಡಿಯೂ ಇದ್ದಕ್ಕಿದ್ದಂತೆ ಹಾಳಾಗತೊಡಗುತ್ತಿತ್ತು. ಕೆಮಿಸ್ಟ್ರಿ ಮೇಷ್ಟ್ರು ಒಮ್ಮೆ ಲ್ಯಾಬಿನ ಕಿಟಕಿ ಗಾಜುಗಳನ್ನು ತೋರಿಸಿ, "ನೋಡಯ್ಯ, ಎಲ್ಲ ಒಡೆದು ಹೋಗಿದೆ" ಎಂದು ಅಟೆಂಡರ್ ಹತ್ತಿರ ಗೋಳಾಡಿದರಂತೆ. ಅಟೆಂಡರ್ ಕಿಟಕಿಯ ಅಂಚು ಸವರಿ ನೋಡಿ, "ಒಡ್ದಿರೋದಲ್ಲ ಸಾ, ಬಿಚ್ಚಿರೋದು. ಚೂರೇ ಬಿದ್ದಿಲ್ವಲ್ಲ. ಗಾಜು ಎಲ್ಲಿಕ್ಕಿದ್ದೀರಿ? ಕೊಡಿ, ನಾನೇ ಹಾಕ್ಬುಡ್ತೀನಿ" ಅಂದರಂತೆ. ಬೀರುವಿನ ಹಿಂದಿನಿಂದ ಗಾಜುಗಳು ಹೊರಬಂದವು. ಸ್ಟಾಫ್ ರೂಮಿನಲ್ಲಿ ಒಂದು ತಿಂಗಳು ಇದೇ ಮಾತು.

ಆದರೆ ನನಗೆ ಮರೆಯಲಾಗದ ಸಭೆ ಇನ್ನೊಂದು. ನಾನು ಫೈನಲ್ ಇಯರಿನಲ್ಲಿದ್ದಾಗ ಅಟೆಂಡರ್ ಹೆಣ್ಣುಮಕ್ಕಳ ಶೌಚಾಲಯವನ್ನು ತೋರಿಸಿಬಿಟ್ಟರು. ಪ್ರಿನ್ಸಿಪಾಲರಿಗೆ ತಲೆ ಸುತ್ತಿತು. "ಅದು ಕೊಠಡಿಯಾ? ಮಾನ ಮರ್ಯಾದೆ ಇದೆಯೇನಯ್ಯ ನಿನಗೆ?" ಎಂದು ಹಾರಾಡಿದರು. ಅಟೆಂಡರ್ ಮಿಸುಕಲಿಲ್ಲ. "ನಾಕು ಗೋಡೆ ಐತೆ, ಬಾಗ್ಲು ಐತೆ. ಬಾಗ್ಲಿಗೆ ಚಿಲ್ಕ ಇಲ್ಲ, ಅಷ್ಟೆ. ಹೆಣ್ಮಕ್ಳು ಬೆಳಗಿಂದ ಸಾಯಂಕಾಲದ ಗಂಟ ನೀರು ಕುಡೀದೆ ಇರ್ತವೆ ಸಾ. ನಾ ನೋಡೀನಿ" ಅಂದರು.

ಆ ಮಾತು ನಿಜ. ನಾನೂ ಮೂರು ವರ್ಷ ನೀರು ಕುಡಿಯದೇ ಕೂತವಳೇ. ಅದನ್ನು ನಾವು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಯಾರಿಗೆ?

ಟ್ರಸ್ಟಿಗಳು ಬಂದರು. ಕಾರ್ಯದರ್ಶಿ ಅಮ್ಮ ಕಬ್ಬಿಣದ ಕುರ್ಚಿಯೊಂದನ್ನು ಎಳೆದು ಆ ಬಾಗಿಲ ಮುಂದೆ ಹಾಕಿ ಕೂತರು. ಉಳಿದ ಆರು ಜನ ಮುಖ ಮುಖ ನೋಡಿಕೊಂಡು, ಅವರ ಪಕ್ಕ ಕೂತರು. ಅವತ್ತೇ ಒಬ್ಬ ದೊಡ್ಡ ಕಂಟ್ರಾಕ್ಟರ್ ಬರುವವನಿದ್ದ. ಕಾಲೇಜಿನ ಮುಂದಿನ ಮೈದಾನವನ್ನು ತನಗೆ ಬಿಟ್ಟುಕೊಟ್ಟರೆ ರಸ್ತೆಗೆ ಮುಖ ಮಾಡಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟುತ್ತೇನೆ ಎನ್ನುವುದು ಅವನ ಯೋಜನೆ. ಸುರುಳಿ ಸುತ್ತಿದ ನಕ್ಷೆ ಹಿಡಿದು ಬಂದವನು ಆ ಜಾಗ ನೋಡಿ ಮೂಗಿಗೆ ಕರ್ಚೀಫು ಹಿಡಿದು ನಿಂತ. "ಕೂತ್ಕೊಳಿ ಸ್ವಾಮಿ, ನಮ್ಮ ಮಕ್ಳು ದಿನಾ ಬರೋ ಜಾಗ" ಎಂದು ಅಧ್ಯಕ್ಷರು ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ. ಅವನ ಮಾತನ್ನೂ ಇವರು ಹೆಚ್ಚು ಹೊತ್ತು ಕೇಳಲಿಲ್ಲ. ಮೈದಾನ ಉಳಿಯಿತು, ಮುಂದಿನ ಸಭೆಯ ಹೊತ್ತಿಗೆ ಚಿಲಕ, ನೀರು, ದೀಪ ಎಲ್ಲ ಇರುವ ಹೊಸ ಶೌಚಾಲಯವೂ ಎದ್ದಿತು. ಅದನ್ನು ನೋಡಿ ನಾನು ಅತ್ತೆ. ಶೌಚಾಲಯ ನೋಡಿ ಅತ್ತವಳು ಎಂದು ಗೆಳತಿಯರು ಬಹಳ ದಿನ ರೇಗಿಸಿದರು, ರೇಗಿಸಲಿ ಬಿಡಿ.

ಅವರೆಲ್ಲ ದೇವತೆಗಳೇನಲ್ಲ. ತಾವು ಕೂರದ ಕೊಠಡಿಗೆ ಒಂದು ಫ್ಯಾನು ಹಾಕಿಸಲು ಮೂರು ಸಭೆ ತೆಗೆದುಕೊಂಡವರು. ಕಂಪ್ಯೂಟರ್ ಎಂದರೆ ಅಧ್ಯಕ್ಷರು ಒಂದು ವರ್ಷ "ನೋಡೋಣ, ನೋಡೋಣ" ಎಂದೇ ಎಳೆದರು. ಚಾಚಾಗೆ ಸಿಟ್ಟು ಬಂದರೆ ಸಭೆಯಿಂದ ಎದ್ದು ಹೋಗುವುದು, ಕಾರ್ಯದರ್ಶಿ ಅಮ್ಮ ಹಿಂದೆಯೇ ಹೋಗಿ ಮಗುವನ್ನು ಕರೆತರುವ ಹಾಗೆ ಕರೆತರುವುದು, ಇದೆಲ್ಲ ಇತ್ತು. ಆದರೂ ಒಂದು ಹೇಳಬೇಕು. ತಾವು ಕೂತ ಕೊಠಡಿಯನ್ನು ಹಾಗೇ ಬಿಟ್ಟು ಎದ್ದುಹೋದದ್ದು ನಾನು ಕಂಡಂತೆ ಒಂದು ಸಲವೂ ಇಲ್ಲ.

ಎಂ.ಎ. ಮುಗಿಸಿ ಎರಡು ಸಾವಿರದ ಇಸವಿಯ ಆಚೆ ಅದೇ ಕಾಲೇಜಿಗೆ ಇತಿಹಾಸದ ಪಾರ್ಟ್ ಟೈಮ್ ಉಪನ್ಯಾಸಕಿಯಾಗಿ ಬಂದೆ. ಅಷ್ಟರಲ್ಲಿ ಊರೇ ಬೇರೆಯಾಗಿತ್ತು. ಊರ ಸುತ್ತ ಹೊಸ ಹೊಸ ಕಾಲೇಜುಗಳು, ಅವುಗಳ ಹಳದಿ ಬಸ್ಸುಗಳು ಗುಬ್ಬಿ, ಕುಣಿಗಲ್ಲಿನ ಹಳ್ಳಿಹಳ್ಳಿಗೆ ಹೋಗಿ ಮಕ್ಕಳನ್ನು ಮನೆ ಬಾಗಿಲಿಂದಲೇ ಹತ್ತಿಸಿಕೊಂಡು ಬರುತ್ತಿದ್ದವು. ವಸಂತನರಸಾಪುರದಲ್ಲಿ ಫ್ಯಾಕ್ಟರಿಗಳು ಏಳುತ್ತಿದ್ದವು, ಪಿಯುಸಿ ಮುಗಿಸಿದ ಗಂಡುಹುಡುಗರು ಅಲ್ಲಿಗೆ ಹೊರಟರು. ನಮ್ಮಲ್ಲಿ ಒಬ್ಬ ಮೇಷ್ಟ್ರು ರಿಟೈರಾದರೆ ಆ ಜಾಗಕ್ಕೆ ಸರ್ಕಾರ ಇನ್ನೊಬ್ಬರನ್ನು ಕೊಡುತ್ತಿರಲಿಲ್ಲ. ಕುರ್ಚಿ ಖಾಲಿ, ಆಮೇಲೆ ಬೆಂಚೂ ಖಾಲಿ. ಮಾಡು ಸೋರುವುದನ್ನು ನಿಲ್ಲಿಸಲು ಕಲಿತಿದ್ದ ಟ್ರಸ್ಟಿಗಳಿಗೆ ಇದೆಲ್ಲಿಂದ ಸೋರುತ್ತಿದೆ ಎಂದು ಗೊತ್ತಾಗಲಿಲ್ಲ.

ನನ್ನ ತರಗತಿ ವರ್ಷ ವರ್ಷ ಕರಗಿ ಕೊನೆಗೆ ನಾಲ್ಕು ಜನ ಹುಡುಗಿಯರಿಗೆ ಬಂದು ನಿಂತಿತು. ದೊಡ್ಡ ಕೊಠಡಿ, ಗಟ್ಟಿ ಮಾಡು, ಹೊಸ ಫ್ಯಾನು, ಅರವತ್ತು ಜನ ಕೂರುವ ಬೆಂಚು. ಅದರಲ್ಲಿ ಮುಂದಿನ ಸಾಲಲ್ಲಿ ನಾಲ್ಕು ತಲೆ. ಆ ವರ್ಷ ಪ್ರಿನ್ಸಿಪಾಲರು ಕರೆದು, "ಈ ಸಲ ಟ್ರಸ್ಟಿನ ಮುಂದೆ ಇಡ್ತೀನಮ್ಮ. ಹಿಸ್ಟರಿ ಮುಚ್ಚೋದೇ ವಾಸಿ" ಎಂದು ಮೆತ್ತಗೆ ಹೇಳಿದರು. ಮುಚ್ಚಿದರೆ ನನ್ನ ಕೆಲಸ ಹೋಯಿತು. ಆ ನಾಲ್ಕು ಹುಡುಗಿಯರು ಮುಂದಿನ ವರ್ಷ ಎಲ್ಲಿಗೆ ಹೋಗಬೇಕು? ಮದುವೆ ಮಾಡಿಬಿಡುತ್ತಾರೆ, ಅಷ್ಟೇ. ಇದನ್ನು ಯೋಚಿಸಿ ಯೋಚಿಸಿ ನನಗೆ ಊಟ ಸೇರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಅಟೆಂಡರ್ ನನ್ನ ಕೊಠಡಿಯನ್ನು ತೋರಿಸಿದ್ದರು.

"ಏನ್ ಕೆಟ್ಟಿದೆ ನನ್ನ ರೂಮಲ್ಲಿ?" ಎಂದು ಕಾರಿಡಾರಿನಲ್ಲೇ ಹಿಡಿದು ಕೇಳಿದೆ. "ಮಾಡು ಸೋರುತ್ತಾ? ಗಾಜು ಒಡೆದಿದೆಯಾ? ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಯಾರ್ರೀ ಹೇಳಿಕೊಟ್ರು ನಿಮಗೆ?" ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಪಕ್ಕದ ತರಗತಿಗಳ ಬಾಗಿಲಲ್ಲಿ ತಲೆಗಳು ಕಾಣಿಸಿಕೊಂಡವು.

ಅವರು ಪೊರಕೆ ಗೋಡೆಗೊರಗಿಸಿ ಪೂರ್ತಿ ಕೇಳಿಸಿಕೊಂಡರು. "ಮಾರ್ಚಿಗೆ ನಂದು ಸರ್ವಿಸ್ ಮುಗೀತದೆ ಕಣವ್ವ. ಇದೇ ಕಡೇದು ನಾ ತೋರ್ಸೋದು. ನಿನ್ ರೂಮ್ನಾಗೆ ಕಸಾನೇ ಬೀಳಲ್ಲ. ಒಂದು ಪೇಪರ್ ಚೂರಿಲ್ಲ, ಒಂದು ಸೀಮೆಸುಣ್ಣದ ಚೂರಿಲ್ಲ. ಇದಕ್ಕಿಂತ ಕೆಟ್ಟ ರೂಮು ನಾ ಗುಡಿಸಿಲ್ಲ" ಅಂದರು. ನನಗೆ ಅರ್ಥವಾಗಬೇಕಿತ್ತು, ಆಗಲಿಲ್ಲ. ಕೋಪ ಕಿವಿಯನ್ನೂ ಮುಚ್ಚಿಸುತ್ತದೆ.

ಅರ್ಥವಾಗದ್ದಕ್ಕೇ ನಾನು ಒಂದು ಘನಂದಾರಿ ಕೆಲಸ ಮಾಡಿದೆ. ಸಭೆಯ ದಿನ ಬೆಳಿಗ್ಗೆ ಪಕ್ಕದ ಕಾಮರ್ಸ್ ತರಗತಿಗೆ ಹೋಗಿ, ಅವರ ಕೈಕಾಲು ಹಿಡಿಯುವುದೊಂದು ಬಾಕಿ, ಮೂವತ್ತು ಜನರನ್ನು ಕರೆತಂದು ನನ್ನ ಬೆಂಚುಗಳಲ್ಲಿ ತುಂಬಿಸಿದೆ. ಟ್ರಸ್ಟಿಗಳು ಬಾಗಿಲಲ್ಲಿ ಕಾಣಿಸಿದಾಗ ನಾನು ಮೈಸೂರಿನ ದಿವಾನರ ಆಡಳಿತದ ಬಗ್ಗೆ ಭಾರೀ ಜೋರಾಗಿ ಪಾಠ ಮಾಡುತ್ತಿದ್ದೆ. ಮಾಡು ಗಟ್ಟಿ, ತರಗತಿ ಭರ್ತಿ. ಇನ್ನು ಏನು ಕೆಟ್ಟಿದೆ ಎಂದು ಹೇಳುತ್ತಾರೋ ಹೇಳಲಿ.

ಅಧ್ಯಕ್ಷರು ಆಗಲೇ ಎಂಬತ್ತರ ಹತ್ತಿರ. ಕೋಲು ಊರಿಕೊಂಡು ಬಂದು ಮಧ್ಯದ ಸಾಲಿನ ಹುಡುಗನೊಬ್ಬನ ಹತ್ತಿರ ನಿಂತರು. "ಏನ್ಲಾ, ಏನ್ ಪಾಠ ನಡೀತೈತೆ?"

ಹುಡುಗ ಎದ್ದು ನಿಂತ. ನನ್ನ ಮುಖ ನೋಡಿದ. "ಬ್ಯಾಲೆನ್ಸ್ ಶೀಟ್ ಸಾರ್" ಅಂದ.

ಹಿಂದಿನ ಸಾಲಿನಿಂದ ಕಿಸಕ್ಕೆಂದು ನಗು ಶುರುವಾಗಿ ಇಡೀ ತರಗತಿಗೆ ಹರಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಾಚಾ ಬೇರೆ ಕಡೆ ತಿರುಗಿ ಗಡ್ಡ ನೀವಿಕೊಂಡರು, ನಗು ಮುಚ್ಚಿಕೊಳ್ಳುವುದಕ್ಕೆ. ಪ್ರಿನ್ಸಿಪಾಲರ ಮುಖ ಕೆಂಪೇರಿತ್ತು. ಆಗ ಕಾರ್ಯದರ್ಶಿ ಅಮ್ಮ ನನ್ನ ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟರು. "ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ನಾನೂ ಪಕ್ಕದ ಕ್ಲಾಸಿನ ಮಕ್ಕಳನ್ನ ಕೂರಿಸ್ಕೋತಿದ್ದೆ ಕಣೇ. ಆದ್ರೆ ಏನ್ ಹೇಳ್ಬೇಕು ಅಂತ ಮೊದ್ಲೇ ಹೇಳ್ಕೊಡ್ತಿದ್ದೆ. ಕಳ್ಸು ಅವ್ರನ್ನ."

ಮೂವತ್ತು ಜನ ಎದ್ದು ಹೋದರು. ನನ್ನ ನಾಲ್ಕು ಹುಡುಗಿಯರು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಟ್ರಸ್ಟಿಗಳು ಸುತ್ತಲಿನ ಖಾಲಿ ಬೆಂಚುಗಳನ್ನು ಒಂದೊಂದಾಗಿ ನೋಡಿದರು. ಬಾಗಿಲಲ್ಲಿ ಅಟೆಂಡರ್ ನಿಂತಿದ್ದರು. ಆಗ, ಅಷ್ಟು ಹೊತ್ತಿಗೆ, ಅವರು ತೋರಿಸಿದ್ದು ಏನನ್ನು ಎಂದು ನನಗೆ ಹೊಳೆಯಿತು. ಕೊಠಡಿಯನ್ನು ಮುಚ್ಚಿಸಲು ತೋರಿಸಿರಲಿಲ್ಲ, ರಿಪೇರಿಗೆ ತೋರಿಸಿದ್ದರು. ನಾನು ಅದನ್ನೇ ಮುಚ್ಚಿಡಲು ಹೋಗಿದ್ದೆ. ಕೆಮಿಸ್ಟ್ರಿ ಮೇಷ್ಟ್ರು ಇಲ್ಲದ ಹಾಳನ್ನು ತೋರಿಸಿದರು, ನಾನು ಇದ್ದ ಹಾಳನ್ನು ಅಡಗಿಸಿದೆ. ಇಬ್ಬರಲ್ಲಿ ದೊಡ್ಡ ದಡ್ಡಿ ನಾನೇ.

ಪ್ರಿನ್ಸಿಪಾಲರು ತಮ್ಮ ಮಾತು ಶುರು ಮಾಡಿದರು. ನಾಲ್ಕು ಜನಕ್ಕೆ ಒಂದು ವಿಭಾಗ ನಡೆಸಲಾಗುವುದಿಲ್ಲ, ಯೂನಿವರ್ಸಿಟಿಯವರೂ ಕೇಳುತ್ತಾರೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಧ್ಯಕ್ಷರು ಪೂರ್ತಿ ಕೇಳಿ, ಕಾರ್ಯದರ್ಶಿ ಅಮ್ಮನ ಕಡೆ ತಿರುಗಿದರು.

"ನಾವು ಕೂತ ರೂಮ್ನ ಯಾವತ್ತಾದ್ರೂ ಮುಚ್ಚಿದ್ದೀವಾ?"

"ಪುಸ್ತಕದಲ್ಲಿ ಎಲ್ಲೂ ಇಲ್ಲ."

"ಹಂಗಾರೆ ಇದನ್ನೂ ರಿಪೇರಿ ಮಾಡ್ಬೇಕು. ಜೂನ್ ಅಡ್ಮಿಷನ್ ಗಂಟ ಟೈಮು. ಆಗ್ಲೂ ಹಿಂಗೇ ಇದ್ರೆ ಮುಚ್ಚೋಣ, ನಮ್ ಕೈಲಿ ಆಗ್ಲಿಲ್ಲ ಅಂತ ಬರೆದು ಸೈನ್ ಹಾಕೋಣ." ಆಮೇಲೆ ನನ್ನ ಹುಡುಗಿಯರ ಎದುರಿನ ಬೆಂಚಿನಲ್ಲಿ ಕಷ್ಟಪಟ್ಟು ಕೂತು, ಅವರಲ್ಲೊಬ್ಬಳನ್ನು ಕೇಳಿದರು, "ನೀನು ಯಾವ ಕಡೆಯೋಳವ್ವ? ಹೆಂಗ್ ಬರ್ತೀಯ ಇಲ್ಲಿಗೆ?"

ಅವಳದು ಹಾಗಲವಾಡಿಯ ಆಚೆಯ ಹಳ್ಳಿ. ಬೆಳಗ್ಗೆ ಕತ್ತಲಿರುವಾಗಲೇ ಎದ್ದು, ಬಸ್ಸು ಹಿಡಿದು ಗುಬ್ಬಿ, ಗುಬ್ಬಿಯಿಂದ ಇನ್ನೊಂದು ಬಸ್ಸು. ಅದೇನೂ ಕಷ್ಟವಿಲ್ಲ ಅಂದಳು. "ವಾಪಸ್ ಹೋಗೋದೇ ಸಾರ್. ನಮ್ದು ಲಾಸ್ಟ್ ಪೀರಿಯಡ್ ನಾಲ್ಕೂವರೆಗೆ ಬಿಡುತ್ತೆ. ಗುಬ್ಬಿಗೆ ಹೋಗೋಷ್ಟರಲ್ಲಿ ನಮ್ಮೂರ್ ಬಸ್ಸು ಹೋಗಿರುತ್ತೆ. ನಮ್ಮಪ್ಪ ದಿನಾ ಗುಬ್ಬಿಗೆ ಬಂದು ಕರ್ಕೊಂಡು ಹೋಗ್ತಾರೆ. ನನ್ ಜೊತೆ ಪಿಯುಸಿ ಪಾಸಾದೋರು ಆರು ಜನ ಇದ್ರು. ಅವ್ರಪ್ಪಂದಿರು ಬರಲ್ಲ, ಅದಕ್ಕೇ ಸೇರಿಸಲಿಲ್ಲ."

"ಬೆಳಿಗ್ಗೆ ಎಷ್ಟು ಪೀರಿಯಡ್ಡು?"

"ಎರಡು. ಮಧ್ಯಾಹ್ನ ಎರಡು. ನಡುವೆ ಮೂರು ಗಂಟೆ ಸುಮ್ನೆ ಕೂತಿರ್ತೀವಿ."

ಕಾರ್ಯದರ್ಶಿ ಅಮ್ಮ ಪೆನ್ನು ಕೆಳಗಿಟ್ಟರು. ನಾನು ಅಲ್ಲೇ ನಿಂತಿದ್ದೆ. ಎರಡು ವರ್ಷದಿಂದ ಆ ಹುಡುಗಿಗೆ ದಿವಾನರ ಕಥೆ ಹೇಳುತ್ತಿದ್ದೆನಲ್ಲ, ಸಾಯಂಕಾಲ ಮನೆಗೆ ಹೇಗೆ ಹೋಗುತ್ತೀಯ ಎಂದು ಒಂದು ದಿನವೂ ಕೇಳಿರಲಿಲ್ಲ.

ಆ ಸಭೆಯಲ್ಲಿ ಎರಡು ತೀರ್ಮಾನವಾಯಿತು. ಮುಂದಿನ ವರ್ಷದಿಂದ ಬಿ.ಎ. ಪಾಠಗಳೆಲ್ಲ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿ ಒಂದಕ್ಕೆ ಮುಗಿಯಬೇಕು, ಹುಡುಗಿಯರು ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗಬೇಕು. ಮೇಷ್ಟ್ರುಗಳ ವೇಳಾಪಟ್ಟಿ ತಲೆಕೆಳಗಾದರೂ ಸರಿ. ಎರಡನೆಯದು, ಇದನ್ನು ಮನೆಮನೆಗೆ ಹೋಗಿ ಹೇಳಬೇಕು. ಯಾರು? ಟ್ರಸ್ಟಿಗಳೇ. ಗುಬ್ಬಿ ಕಡೆಗೆ ಅಧ್ಯಕ್ಷರು, ಕುಣಿಗಲ್ ಕಡೆಗೆ ಕಾರ್ಯದರ್ಶಿ ಅಮ್ಮ, ತುಮಕೂರಿನ ಮೊಹಲ್ಲಾಗಳಿಗೆ ಚಾಚಾ. "ನೀನೂ ಬರ್ಬೇಕು, ಬಾಯಿ ಜೋರಾಗೈತೆ, ಉಪಯೋಗಕ್ಕೆ ಬರ್ಲಿ" ಎಂದರು ಅಧ್ಯಕ್ಷರು ನನಗೆ.

ಆ ಬೇಸಿಗೆಯಲ್ಲಿ ನಾನು ಅಲೆದಷ್ಟು ಇನ್ಯಾವತ್ತೂ ಅಲೆದಿಲ್ಲ. ಅಧ್ಯಕ್ಷರಿಗೆ ಕಾರಿತ್ತು, ಆದರೆ ಹಟ ಹಿಡಿದು ಬಸ್ಸಿನಲ್ಲೇ ಬಂದರು. ಮಕ್ಕಳು ಬರುವ ಬಸ್ಸು ಹೇಗಿದೆ ಎಂದು ನೋಡಬೇಕಂತೆ. ಹಾಗಲವಾಡಿ ಕಡೆಯ ಒಂದು ತೋಟದಲ್ಲಿ ತೆಂಗಿನ ಗರಿ ಎಳೆಯುತ್ತಿದ್ದ ತಂದೆಯೊಬ್ಬರು ಎಳನೀರು ಕೆತ್ತಿಕೊಟ್ಟು, ನೇರವಾಗಿ ಕೇಳಿದರು, "ಹಿಸ್ಟ್ರಿ ಓದಿ ಏನ್ ಮಾಡ್ತದೆ ನಮ್ ಹುಡ್ಗಿ?"

ನಾನು ಬಾಯಿ ತೆರೆದೆ, ದೊಡ್ಡ ಭಾಷಣವೇ ಸಿದ್ಧವಾಗಿತ್ತು. ಅಧ್ಯಕ್ಷರು ಕೈ ಸನ್ನೆಯಿಂದ ತಡೆದರು. "ಟೀಚರ್ ಆಗ್ಬೋದು, ಪರೀಕ್ಷೆ ಕಟ್ಟಿ ತಾಲೂಕು ಆಫೀಸಿಗೆ ಹೋಗ್ಬೋದು. ಏನೂ ಆಗ್ದೇನೂ ಇರ್ಬೋದು, ನಾನು ಸುಳ್ಳು ಹೇಳಲ್ಲ. ಒಂದು ಮಾತು ಮಾತ್ರ ಹೇಳ್ತೀನಿ. ಮಧ್ಯಾಹ್ನ ಮೂರರೊಳಗೆ ಹುಡ್ಗಿ ಮನೇಲಿರ್ತಾಳೆ. ಇಲ್ದಿದ್ರೆ ನನ್ ಮನೆಗೆ ಬಂದು ನನ್ನ ಕೇಳು" ಅಂದರು. ಆ ತಂದೆ ಮಚ್ಚು ಕೆಳಗಿಟ್ಟು, "ಆಯ್ತು ಬುಡಿ, ನೀವೇ ಬಂದು ಹೇಳ್ದ ಮೇಲೆ" ಅಂದರು. ನನ್ನ ಭಾಷಣ ಗಂಟಲಲ್ಲೇ ಉಳಿಯಿತು. ಎಳನೀರಿನ ಜೊತೆ ನುಂಗಿಕೊಂಡೆ.

ಕುಣಿಗಲ್ಲಿನಲ್ಲಿ ಕಾರ್ಯದರ್ಶಿ ಅಮ್ಮನ ಜೊತೆ ಹೋದರೆ ಕೆಲಸ ಸಲೀಸು. ಕೆರೆ ಏರಿಯ ಕೆಳಗಿನ ಬೀದಿಗಳಲ್ಲಿ ಅರ್ಧ ತಾಯಂದಿರು ಅವರ ಶಿಷ್ಯೆಯರೇ. "ನಿಂಗೆ ಎಸ್ಸೆಸ್ಸೆಲ್ಸಿ ಪಾಸ್ ಮಾಡ್ಸೋಕೆ ನಾನೆಷ್ಟು ಒದ್ದಾಡಿದೀನಿ ಮರೆತ್ಯಾ? ಮಗಳನ್ನ ಕಳ್ಸು" ಅಂದರೆ ಮುಗಿಯಿತು. ಕಷ್ಟವಾದದ್ದು ನಮ್ಮ ಮೊಹಲ್ಲಾದಲ್ಲೇ. ಅಮ್ಮಿಯ ಗೆಳತಿಯೊಬ್ಬರು ಚಾಚಾ ಮುಂದೆ ತಲೆ ಮೇಲೆ ಸೆರಗು ಎಳೆದುಕೊಂಡು, ನನ್ನನ್ನೇ ಕೇಳಿದರು, "ನೀನು ಅಷ್ಟು ಓದಿ ಏನಾದೆ ಬೇಟಿ? ಇನ್ನೂ ಟೆಂಪರವರಿ ಅಲ್ವಾ?"

ಚುರುಕ್ಕೆಂದಿತು. ಎಂದಿನ ನಾನಾಗಿದ್ದರೆ ಜಗಳ ಆಡಿ ಎದ್ದು ಬರುತ್ತಿದ್ದೆ. ಆದರೆ ಸುಳ್ಳು ಹೇಳಲ್ಲ ಎಂದು ತೋಟದಲ್ಲಿ ಅಧ್ಯಕ್ಷರು ಆಡಿದ ಮಾತು ನೆನಪಾಯಿತು. "ಹೌದು ಖಾಲಾ, ಟೆಂಪರವರಿನೇ. ಈ ಜೂನಿಗೆ ಅದೂ ಹೋಗಬಹುದು. ಆದ್ರೆ ಅಲ್ಲಿಗೆ ಹೋಗೋ ಮುಂಚೆ ನಂಗೆ ಅಬ್ಬಾನ ಸುತ್ತಿಗೆ ಸದ್ದು ಬಿಟ್ರೆ ಬೇರೇನೂ ಗೊತ್ತಿರಲಿಲ್ಲ" ಅಂದೆ. ಖಾಲಾ ಒಳಗೆ ಹೋಗಿ ಮಗಳ ಮಾರ್ಕ್ಸ್ ಕಾರ್ಡ್ ತಂದು ಚಾಚಾ ಕೈಗೆ ಕೊಟ್ಟರು.

ಕಾಲೇಜು ಶುರುವಾದ ಮೊದಲ ವಾರ ಒಂದು ಸುದ್ದಿ ಕೇಳಿ ದಂಗಾದೆ. ಅಧ್ಯಕ್ಷರು ದಿನಾ ಮಧ್ಯಾಹ್ನ ಗುಬ್ಬಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೋಲು ಹಿಡಿದು ಕೂತಿರುತ್ತಾರಂತೆ. ತುಮಕೂರಿನಿಂದ ಬಂದಿಳಿದ ಹುಡುಗಿಯರೆಲ್ಲ ಹಾಗಲವಾಡಿ ಬಸ್ಸು ಹತ್ತಿದ್ದನ್ನು ನೋಡಿ, ಆಮೇಲೆ ಊಟಕ್ಕೆ ಹೋಗುತ್ತಾರಂತೆ. ಒಂದು ದಿನ ಬಸ್ಸು ಹುಡುಗಿಯರನ್ನು ಬಿಟ್ಟು ಹೊರಡುವಂತಾದಾಗ, ಡ್ರೈವರಿನ ಮುಂದೆ ಹೋಗಿ ಕೋಲು ಅಡ್ಡ ಹಿಡಿದು ನಿಂತರಂತೆ. ಇದನ್ನು ಅವರು ನಮಗ್ಯಾರಿಗೂ ಹೇಳಲಿಲ್ಲ, ನನಗೆ ಹೇಳಿದ್ದು ಹಾಗಲವಾಡಿ ಆಚೆಯ ಆ ಹುಡುಗಿಯೇ. ಇಂಥ ಮನುಷ್ಯರನ್ನು ಹತ್ತಿರದಿಂದ ಕಂಡೆನಲ್ಲ, ಅದು ನನ್ನ ಪುಣ್ಯ.

ಅಡ್ಮಿಷನ್ ಮುಗಿದ ಮೇಲೆ ಸಭೆಯ ದಿನ ಬಂತು. ಪದ್ಧತಿಯಂತೆ ಟ್ರಸ್ಟಿಗಳು ಮೊದಲು ಹಿಂದಿನ ಕೊಠಡಿ ನೋಡಲು ಬಂದರು. ಸರ್ವಿಸ್ ಮುಗಿದು ಮನೆ ಸೇರಿದ್ದ ಅಟೆಂಡರ್ ಕೂಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನಾನು ಪಾಠ ಮಾಡುತ್ತಿದ್ದೆ. ಈ ಸಲ ಯಾರನ್ನೂ ಕರೆತಂದಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೂ ಇಬ್ಬರು ಕೂತಿದ್ದರು. ಟ್ರಸ್ಟಿಗಳನ್ನು ನೋಡಿ ನಾನು ಪಾಠ ನಿಲ್ಲಿಸಿ ಹುಡುಗಿಯರನ್ನು ಎಬ್ಬಿಸಲು ಹೋದೆ. ಅಧ್ಯಕ್ಷರು ಬೇಡವೆಂದು ಕೈ ಆಡಿಸಿದರು. "ನಡೀಲಿ, ನಡೀಲಿ."

ಏಳು ಜನವೂ ಹಿಂದಿನ ಗೋಡೆಗೆ ಸಾಲಾಗಿ ಒರಗಿ ನಿಂತರು. ಅಧ್ಯಕ್ಷರಿಗೆ ಮಾತ್ರ ಕುರ್ಚಿ ತರಿಸಲೆಂದು ನೋಡಿದೆ, ಕುರ್ಚಿ ಹಾಕುವ ಜಾಗವೇ ಇರಲಿಲ್ಲ. ಗಂಟೆ ಹೊಡೆಯುವವರೆಗೂ ಎಂಬತ್ತರ ಆ ಮುದುಕರು ಕೋಲಿನ ಮೇಲೆ ಎರಡೂ ಕೈ ಇಟ್ಟು, ನಿಂತೇ ಪಾಠ ಕೇಳಿದರು. ನನ್ನ ಧ್ವನಿ ಎರಡು ಮೂರು ಸಲ ಒಡೆಯಿತು. ಹುಡುಗಿಯರು ಮೇಡಂಗೆ ಶೀತವಾಗಿದೆ ಎಂದುಕೊಂಡರು.

ಪಾಠ ಮುಗಿದ ಮೇಲೆ ಕಾರ್ಯದರ್ಶಿ ಅಮ್ಮ ನಡಾವಳಿ ಪುಸ್ತಕ ತಂದು ನನ್ನ ಕೈಗೆ ಕೊಟ್ಟರು. "ನಿನ್ನ ರೂಮು. ನೀನೇ ಬರಿ." ನಾನು ಬಾಗಿಲ ಹತ್ತಿರ ಸರಿದು, ಏನು ಬರೆಯಲಿ ಎಂದು ಅಟೆಂಡರ್ ಮುಖ ನೋಡಿದೆ. ಅಷ್ಟು ಜನರ ಮುಂದೆ, ಅವತ್ತು ಕಾರಿಡಾರಿನಲ್ಲಿ ಕೂಗಾಡಿದಷ್ಟೇ ಜೋರಾಗಿ, "ನನ್ನದು ತಪ್ಪಾಯ್ತು" ಅಂದೆ. ಅವರು ನೆಲ ನೋಡುತ್ತಿದ್ದರು. ಬಗ್ಗಿ ಬೆಂಚಿನ ಕೆಳಗಿಂದ ಒಂದು ಪೇಪರ್ ಉಂಡೆ, ಎರಡು ಸೀಮೆಸುಣ್ಣದ ಚೂರು ಎತ್ತಿ ಅಂಗೈಯಲ್ಲಿಟ್ಟುಕೊಂಡು, "ನೋಡವ್ವ, ಎಷ್ಟು ಕಸ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಆ ಪುಸ್ತಕ ಈಗಲೂ ಅಬ್ಬಾನ ಟ್ರಂಕಿನಲ್ಲಿದೆ. ಆ ದಿನದ ಪುಟದಲ್ಲಿ ನನ್ನ ಕೈಬರಹ, ಕೆಳಗೆ ಏಳು ಸಹಿ. ಗೋಡೆಗೆ ಪುಸ್ತಕ ಒತ್ತಿ ಹಿಡಿದು ಹಾಕಿದ್ದರಿಂದ ಸಹಿಗಳೆಲ್ಲ ಸೊಟ್ಟ ಸೊಟ್ಟ. ನಾನು ಬರೆದದ್ದು ಇಷ್ಟು: "ಹಿಂದಿನ ಕೊಠಡಿಯನ್ನು ಪರಿಶೀಲಿಸಲಾಯಿತು. ಟ್ರಸ್ಟಿಗಳಿಗೆ ಕೂರಲು ಜಾಗ ಸಿಗಲಿಲ್ಲ."